ಸಿಲೋನಿಗೆ ಒಯ್ದ ಫುಲ್ ಫ್ರೇಮ್ ಕ್ಯಾಮೆರಾ

ಮಾನ್ಯ ಓದುಗರ ಸನ್ನಿಧಿಗೆ,

ಸವಿನಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಕೆಳಗೆ ಸಹಿ ಮಾಡಿರುವ ನಾನು ಹಾನುಬಾಳು ಹೋಬಳಿಯ ಒಂದು ಕಾಫಿ ಎಸ್ಟೇಟಿನಲ್ಲಿ ಇಪ್ಪತ್ತೈದು ವರ್ಷಗಳಿಂದ ರೈಟರ್ ಆಗಿ ಕೆಲಸ ನಿರ್ವಹಿಸುತ್ತಿದ್ದೇನೆ. ಆಳುಗಳ ಹಾಜರಿ ಬರೆಯುವುದು, ಕಚೇರಿಗಳಿಗೆ ಅರ್ಜಿ ಬರೆಯುವುದು, ಬಂದ ಪತ್ರಕ್ಕೆ ಉತ್ತರ ಬರೆಯುವುದು, ಇವಿಷ್ಟನ್ನು ಬಿಟ್ಟರೆ ಬೇರೆ ಯಾವ ಬರವಣಿಗೆಯ ಅಭ್ಯಾಸವೂ ನನಗಿಲ್ಲ. ನನ್ನ ಕೈಬರಹ ಹಾಜರಿ ಪುಸ್ತಕದ ಸಣ್ಣ ಚೌಕಗಳೊಳಗೆ ಬೆಳೆದದ್ದಾದ್ದರಿಂದ ಅಕ್ಷರಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಕಾಗುಣಿತದಲ್ಲಿಯೂ ದೋಷಗಳಿರುತ್ತವೆ, ಅಲ್ಪಪ್ರಾಣ ಎಲ್ಲಿ, ಮಹಾಪ್ರಾಣ ಎಲ್ಲಿ ಎಂಬುದು ಶಾಲೆ ಬಿಟ್ಟಂದಿನಿಂದಲೂ ನನಗೆ ಖಚಿತವಿಲ್ಲ. ಇವೆಲ್ಲವನ್ನೂ ಮೊದಲೇ ಮನ್ನಿಸಬೇಕಾಗಿ ಪ್ರಾರ್ಥನೆ.

ವಿಷಯ: ನಾನು ಸಪತ್ನೀಕನಾಗಿ ಕೈಗೊಂಡ ಶ್ರೀಲಂಕಾ ಪ್ರವಾಸ, ಹಾಗೂ ಆ ಪ್ರವಾಸಕ್ಕೆ ಕ್ಯಾಮೆರಾ ಆಯ್ಕೆ ಮಾಡಿದ ಬಗ್ಗೆ.

ಎಸ್ಟೇಟಿನ ಕಣ

ನನ್ನ ಸೇವೆ ಇಪ್ಪತ್ತೈದು ವರ್ಷ ತುಂಬಿದ ಸಂದರ್ಭದಲ್ಲಿ ಎಸ್ಟೇಟಿನ ಮಾಲೀಕರು ಹತ್ತು ದಿನಗಳ ರಜೆ ಮಂಜೂರು ಮಾಡಿ, ಹಾಸನದಿಂದ ಹೊರಡುವ ಒಂದು ಪ್ರವಾಸ ತಂಡದಲ್ಲಿ ನನಗೂ ನನ್ನ ಪತ್ನಿ ಸರೋಜಳಿಗೂ ಜಾಗ ಮಾಡಿಸಿಕೊಟ್ಟರು. ನಾವಿಬ್ಬರೂ ಅದುವರೆಗೆ ಸಮುದ್ರ ದಾಟಿದವರಲ್ಲ. ಸರೋಜ ಆಲೂರು ತಾಲ್ಲೂಕಿನ ಕೆ. ಹೊಸಕೋಟೆಯವಳು; ಮದುವೆಯಾಗಿ ಹಾನುಬಾಳಿಗೆ ಬಂದದ್ದೇ ಅವಳ ಮಟ್ಟಿಗೆ ದೊಡ್ಡ ಪ್ರಯಾಣವಾಗಿತ್ತು.

ಸುದ್ದಿ ಲೈನಿಗೆ, ಅಂದರೆ ಆಳುಗಳು ವಾಸಿಸುವ ಸಾಲುಮನೆಗಳಿಗೆ, ಅದೇ ದಿನ ತಲುಪಿತು. ಮರುದಿನ ಬೆಳಿಗ್ಗೆ ಕಾಫಿ ಒಣಗಿಸುವ ಕಣದಲ್ಲಿ ಸೆಲ್ವಮ್ಮ ನನಗಾಗಿ ಕಾದಿದ್ದಳು. ಸೆಲ್ವಮ್ಮನ ವಿಷಯವನ್ನು ಇಲ್ಲಿ ತಿಳಿಸುವುದು ಉಚಿತ. ಆಕೆ ಹುಟ್ಟಿದ್ದು ಸಿಲೋನಿನ ಒಂದು ಚಹಾ ತೋಟದ ಲೈನಿನಲ್ಲಿ. ಎರಡು ಸರ್ಕಾರಗಳ ಒಪ್ಪಂದದಂತೆ ತಮಿಳು ಕೂಲಿಗಳನ್ನು ಅಲ್ಲಿಂದ ಭಾರತಕ್ಕೆ ಕಳುಹಿಸಿದ ಕಾಲದಲ್ಲಿ ಪಟ್ಟಿಯಲ್ಲಿ ತಂದೆಯ ಹೆಸರಿತ್ತು, ತಾಯಿಯ ಹೆಸರಿತ್ತು, ಹನ್ನೆರಡು ವರ್ಷದ ಸೆಲ್ವಮ್ಮನ ಹೆಸರಿತ್ತು. ಅಷ್ಟರಲ್ಲಿ ಮದುವೆಯಾಗಿದ್ದ ಅಕ್ಕ ಮುತ್ತಮ್ಮ ಸಿಲೋನಿನ ಪೌರತ್ವ ಕೋರಿದ್ದ ಗಂಡನ ಅರ್ಜಿಗೆ ಸೇರಿದ್ದರಿಂದ ಅಲ್ಲಿಯೇ ಉಳಿದಳು. ಪಟ್ಟಿ ಬರೆದವನೂ ನನ್ನಂಥ ಒಬ್ಬ ಗುಮಾಸ್ತನೇ ಇದ್ದಿರಬೇಕು. ಅಂದಿನಿಂದ ಅಕ್ಕ ತಂಗಿಯರು ಒಬ್ಬರನ್ನೊಬ್ಬರು ನೋಡಿಲ್ಲ. ಕಾಗದಗಳು ಹೋಗಿ ಬಂದಿವೆ. ಅವುಗಳ ವಿಳಾಸವನ್ನು ಎಷ್ಟೋ ಸಲ ನಾನೇ ಬರೆದುಕೊಟ್ಟಿದ್ದೇನೆ.

ಈಗ ಸೆಲ್ವಮ್ಮನ ಕಣ್ಣಿನ ನರ ಒಣಗುತ್ತಿದೆ ಎಂದು ಹಾಸನದ ವೈದ್ಯರು ತಿಳಿಸಿದ್ದರು. ಔಷಧದಿಂದ ತಡವಾಗಬಹುದು, ನಿಲ್ಲುವುದಿಲ್ಲ ಎಂದಿದ್ದರು. ಯಾರೋ ಒಮ್ಮೆ ಫೋನಿನಲ್ಲಿ ಅಕ್ಕನ ಮುಖ ತೋರಿಸಿದ್ದರಂತೆ. ಸೆಲ್ವಮ್ಮನಿಗೆ ನೀರಿನಲ್ಲಿ ಏನೋ ಅಲ್ಲಾಡಿದ ಹಾಗೆ ಕಂಡಿತಂತೆ.

"ಸಾರ್, ನೀವು ಅಲ್ಲಿಗೇ ಹೋಯ್ತೀರಂತೆ," ಎಂದಳು. "ಅಕ್ಕಂದು ಒಂದು ಪಟ ತಂದ್ಕೊಡಿ. ಈ ಮೊರದಷ್ಟು ದೊಡ್ಡದು. ಸಣ್ಣದು ನಂಗೆ ಕಾಣಾಕಿಲ್ಲ. ಕಣ್ಣು ಪೂರ್ತಿ ಹೋಗೋದ್ರೊಳಗೆ ನೋಡ್ಬುಡ್ತೀನಿ. ನಾವು ಬಂದ್ಮೇಲೆ ತೋಟ್ದವ್ರು ಅಪ್ಪನ ಮನೇನೇ ಅಕ್ಕಂಗೆ ಕೊಟ್ಟವ್ರೆ. ಬಾಗ್ಲಲ್ಲಿ ಒಂದು ಕಲ್ಲೈತೆ ಸಾರ್, ಅಪ್ಪ ದಿನಾ ಬೆಳಗೆದ್ದು ಅದ್ರ ಮೇಲೆ ಕತ್ತಿ ಮಸೀತಿದ್ದ. ಮಸ್ದು ಮಸ್ದು ಗುಳಿ ಬಿದ್ದೈತೆ. ಮಳೆ ಬಂದ್ರೆ ನೀರು ನಿಲ್ತಿತ್ತು ಅದ್ರಾಗೆ. ನಾನೂ ಅಕ್ಕನೂ ಅಲ್ಲೇ ಕೂತ್ಕಂಡು..."

ಅಷ್ಟರಲ್ಲಿ ಗೊಬ್ಬರದ ಲಾರಿ ಬಂದುದರಿಂದ ನಾನು ಜೇಬಿನಿಂದ ಪುಸ್ತಕ ತೆಗೆದು ಆಕೆಯ ಬೇಡಿಕೆಯನ್ನು ಹೀಗೆ ನಮೂದಿಸಿಕೊಂಡೆ: "ಸೆಲ್ವಮ್ಮ. ಸಹೋದರಿಯ ಭಾವಚಿತ್ರ. ದೊಡ್ಡ ಅಳತೆ. ಒಂದು." ಅರ್ಜಿದಾರರು ಎಷ್ಟೇ ಹೇಳಲಿ, ಅದನ್ನು ಒಂದು ಸಾಲಿಗೆ ಇಳಿಸುವುದೇ ರೈಟರನ ಕೆಲಸವೆಂದು ನನಗೆ ಕಲಿಸಲಾಗಿದೆ. ಆ ದಿನವೂ ಹಾಗೆಯೇ ಮಾಡಿದೆ.

ಸಕಲೇಶಪುರ

ಸಕಲೇಶಪುರದ ಪೇಟೆಯಲ್ಲಿ ಸ್ಟುಡಿಯೋ ಇಟ್ಟಿರುವ ನಜೀರ್ ಸಾಬರು ನಮ್ಮ ಎಸ್ಟೇಟಿನ ಆಳುಗಳ ಗುರುತಿನ ಚೀಟಿಗಳಿಗೆ ವರ್ಷವೂ ಫೋಟೋ ತೆಗೆದುಕೊಡುವವರು. ಅವರ ಪಕ್ಕದಲ್ಲಿ ನಿಂತು ಬಿಳಿ ಬಟ್ಟೆ ಹಿಡಿದು ಹಿಡಿದು ನಾನೂ ಅಷ್ಟಿಷ್ಟು ಕಲಿತಿದ್ದೆ. ಪ್ರವಾಸಕ್ಕೆ ಒಂದು ಕ್ಯಾಮೆರಾ ಕೊಡಲು ಅವರು ಒಪ್ಪಿದರು. ಹೋಗುವ ಮೊದಲು ನಾನು ಫೋನಿನಲ್ಲಿ ಹಲವು ವಿಡಿಯೋಗಳನ್ನು ನೋಡಿ ಸಿದ್ಧನಾಗಿದ್ದೆ.

"ಸಾಬ್ರೇ, ಮಿರರ್‌ಲೆಸ್ ತಗೊಂಡು ಹೋಗಲೋ, ಫುಲ್ ಫ್ರೇಮ್ ತಗೊಂಡು ಹೋಗಲೋ?"

ನಜೀರ್ ಸಾಬರು ಕನ್ನಡಕವನ್ನು ಹಣೆಗೇರಿಸಿದರು. "ನೀವು ಕೇಳಿದ್ದು ಹೆಂಗಾಯ್ತು ಅಂದ್ರೆ ರೈಟ್ರೇ, ಜೀಪ್ ತಗಳ್ಲೋ ಡೀಸೆಲ್ ತಗಳ್ಲೋ ಅಂದಂಗಾಯ್ತು. ಜೀಪಿಗೂ ಡೀಸೆಲ್ ಹಾಕ್ತಾರೆ ಮಾರಾಯ್ರೇ."

ಅನಂತರ ತಾಳ್ಮೆಯಿಂದ ವಿವರಿಸಿದರು. ಅವರು ಹೇಳಿದ್ದನ್ನು, ಇದೇ ಗೊಂದಲದಲ್ಲಿರುವ ಓದುಗರ ಉಪಯೋಗಕ್ಕಾಗಿ, ನನಗೆ ತಿಳಿದ ಮಟ್ಟಿಗೆ ಇಲ್ಲಿ ಬರೆಯುತ್ತೇನೆ. ಹಳೆಯ ರೀತಿಯ ಕ್ಯಾಮೆರಾದ ಹೊಟ್ಟೆಯೊಳಗೆ ಓರೆಯಾಗಿ ಒಂದು ಕನ್ನಡಿ ನಿಂತಿರುತ್ತದೆ. ಎದುರಿನ ದೃಶ್ಯವನ್ನು ಅದು ನಮ್ಮ ಕಣ್ಣಿಗೆ ಮುಟ್ಟಿಸುತ್ತದೆ. ಗುಂಡಿ ಒತ್ತಿದಾಗ ಮೇಲಕ್ಕೆ ಹಾರಿ ಬೆಳಕಿಗೆ ದಾರಿ ಬಿಡುತ್ತದೆ. ಕಟಕ್ ಎಂಬ ಸದ್ದು ಹೆಚ್ಚಾಗಿ ಅದರದೇ. ಆ ಕನ್ನಡಿಯನ್ನೇ ತೆಗೆದುಹಾಕಿದ್ದು ಮಿರರ್‌ಲೆಸ್. ಅದು ಹಗುರ, ಬೇಕೆಂದರೆ ಸದ್ದೇ ಇಲ್ಲ. ಫುಲ್ ಫ್ರೇಮ್ ಎಂಬುದು ಬೇರೆಯೇ ವಿಚಾರ. ಬೆಳಕು ಹಿಡಿಯುವ ಫಲಕದ ಅಳತೆ ಹಿಂದಿನ ಫಿಲ್ಮ್ ರೋಲಿನ ಒಂದು ಚಿತ್ರದಷ್ಟಿದ್ದರೆ ಅದು ಫುಲ್ ಫ್ರೇಮ್. ಅದಕ್ಕಿಂತ ಕಿರಿದಾದ ಫಲಕದವು ಬೇರೆ. ಫಲಕ ದೊಡ್ಡದಾದಷ್ಟೂ ಕತ್ತಲಲ್ಲಿ ಚಿತ್ರ ಚೊಕ್ಕಟ.

"ಕನ್ನಡಿನೂ ಇಲ್ದೆ ಫುಲ್ ಫ್ರೇಮೂ ಆಗಿರೋದು ಬತ್ತದೆ," ಎಂದರು ನಜೀರ್ ಸಾಬರು. "ಅದು ನನ್ ಹತ್ರ ಇಲ್ಲ. ಇದ್ದಿದ್ರೆ ನಿಮ್ಗೆಲ್ಲಿ ಕೊಡ್ತಿದ್ದೆ, ನಾನೇ ತಬ್ಕಂಡು ಮಲಗ್ತಿದ್ದೆ. ಇರೋದು ಇವೆರಡು. ಇದು ಕನ್ನಡಿ ಇರೋ ಹಳೇ ಫುಲ್ ಫ್ರೇಮು. ಇದು ಸಣ್ ಫಲಕದ್ದು, ಮಿರರ್‌ಲೆಸ್ಸು. ಮದ್ವೆ ಸೀಜನ್ನು, ಒಂದೇ ತಗಳಿ."

ಸರೋಜ ಒಂದೊಂದನ್ನೂ ಕೈಯಲ್ಲಿ ತೂಗಿ ನೋಡಿದಳು. "ಇದೇನ್ರೀ, ರುಬ್ಬೋ ಗುಂಡು ಇದ್ದಂಗೈತೆ. ಸಣ್ಣದೇ ತಗಳಿ. ಇದನ್ನ ಕತ್ತಿಗೆ ಹಾಕ್ಕಂಡ್ರೆ ವಾಪಸ್ ಬರೋ ಹೊತ್ಗೆ ನೀವು ಗೂನಾಗಿರ್ತೀರ."

"ಅಕ್ಕಾವ್ರೇ, ತೂಕದ್ದು ಆಮೇಲೆ," ಎಂದು ನಜೀರ್ ಸಾಬರು ನನ್ನ ಕಡೆ ತಿರುಗಿದರು. "ಮೊದ್ಲು ಇದನ್ನ ಹೇಳಿ ರೈಟ್ರೇ. ಪಟ ಯಾರು ನೋಡ್ತಾರೆ? ಅವ್ರಿಗೆ ಏನು ಬೇಕಂತೆ?"

ಸೆಲ್ವಮ್ಮನ ಅಕ್ಕ ಸಿಲೋನಿನ ಲೈನಿನಲ್ಲಿದ್ದಾಳೆಂದು ತಿಳಿಸಿ, ನಾನು ಪುಸ್ತಕ ತೆಗೆದು ಓದಿದೆ. ಸಹೋದರಿಯ ಭಾವಚಿತ್ರ, ದೊಡ್ಡ ಅಳತೆ, ಒಂದು.

"ಮುಖನಾ? ಹಂಗಾದ್ರೆ ಇನ್ನೊಂದು ಮಾತೇ ಇಲ್ಲ, ಫುಲ್ ಫ್ರೇಮು. ಲೈನ್ ಮನೆ ಒಳಗೆ ಕತ್ಲು. ಮೇಲಿಂದ ದೊಡ್ಡ ಅಳತೆ ಪ್ರಿಂಟು. ಲೆನ್ಸ್ ಪೂರ್ತಿ ತೆರೆದಿಟ್ಟು ಕಣ್ಣಿಗೆ ಫೋಕಸ್ ಹಿಡೀರಿ. ರೆಪ್ಪೆ ಕೂದ್ಲು ಎಣಿಸ್ಬೋದು. ಹಿಂದಿಂದೆಲ್ಲ ಬೆಣ್ಣೆ ಕರಗ್ದಂಗೆ ಕರಗೋಯ್ತದೆ."

ಎಸ್ಟೇಟಿನ ಸ್ಟೋರಿನ ಕತ್ತಲಲ್ಲಿ ಕಾಫಿ ಮೂಟೆಗಳ ಮುಂದೆ ಸರೋಜಳನ್ನು ಕೂರಿಸಿ ನಾನು ಒಂದು ವಾರ ಅಭ್ಯಾಸ ಮಾಡಿದೆ. ಮೂಟೆಗಳು ನಿಜವಾಗಿಯೂ ಕರಗಿದವು. ನನಗೆ ಧೈರ್ಯ ಬಂತು.

ಕೊಲಂಬೊ ಮತ್ತು ಕ್ಯಾಂಡಿ

ಮೊದಲ ದಿನ ಕೊಲಂಬೊದ ಕಡಲ ದಂಡೆಯಲ್ಲಿ ನಾನು ತೆಗೆದ ಚಿತ್ರಗಳೆಲ್ಲವೂ ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗೆ ಬಂದವು. ಸ್ಟೋರಿನ ಕತ್ತಲೆಗೆಂದು ಇಟ್ಟಿದ್ದ ಅಂಕಿಗಳನ್ನು ಬದಲಿಸಲು ಮರೆತಿದ್ದೆ. ಪ್ರಮಾದ ನನ್ನದೇ. ಆದರೆ ಇಲ್ಲಿ ಒಂದು ಭೇದವನ್ನು ಗಮನಕ್ಕೆ ತರಬಯಸುತ್ತೇನೆ. ಕನ್ನಡಿಯ ಕ್ಯಾಮೆರಾದ ಕಿಂಡಿಯಲ್ಲಿ ಕಾಣುವುದು ಎದುರಿಗಿರುವ ಲೋಕ. ಮಿರರ್‌ಲೆಸ್ಸಿನ ಕಿಂಡಿಯಲ್ಲಿ ಕಾಣುವುದು ಬರಲಿರುವ ಚಿತ್ರ. ಎರಡನೆಯದಾಗಿದ್ದರೆ ತಪ್ಪು ಒತ್ತುವ ಮೊದಲೇ ಕಣ್ಣಿಗೆ ಬೀಳುತ್ತಿತ್ತು. ಕತ್ತು ನೋವು ಕೂಡ ಅಂದೇ ಪ್ರಾರಂಭವಾಯಿತು. ಸರೋಜ ಏನೂ ಹೇಳದೆ ನೋವಿನ ಎಣ್ಣೆ ತೆಗೆದು ಹಚ್ಚಿದಳು. ಹೇಳಿದ್ದರೆ ಒಳ್ಳೆಯದಿತ್ತು ಎನ್ನಿಸಿತು.

ಆ ದೇಶದವರು ಮಾತಿನಲ್ಲಿ ಮೆತ್ತಗೆ. ದಾರಿ ಕೇಳಿದರೆ ಕೈ ತೋರಿಸಿ ಸುಮ್ಮನಾಗುವುದಿಲ್ಲ, ನಾಲ್ಕು ಹೆಜ್ಜೆ ಜೊತೆಗೆ ಬಂದು ತಿರುವಿನಲ್ಲಿ ನಿಲ್ಲಿಸಿ ಹೋಗುತ್ತಾರೆ. ನಮ್ಮ ಊರಿನಲ್ಲಿ ದಾರಿ ಕೇಳಿದವನಿಗೆ ಮೊದಲು ಯಾರ ಮನೆಯವನು ಎಂದು ಕೇಳುವುದು ರೂಢಿ.

ಕ್ಯಾಂಡಿಯಲ್ಲಿ ಒಂದು ದೊಡ್ಡ ಬುದ್ಧನ ವಿಗ್ರಹದ ಮುಂದೆ ಸರೋಜಳನ್ನು ನಿಲ್ಲಿಸಿ ನಾನು ಕ್ಯಾಮೆರಾ ಎತ್ತಿದೆ. ಕಾವಲಿನ ಮುದುಕರೊಬ್ಬರು ಆತುರವಿಲ್ಲದೆ ನಡೆದು ಬಂದರು. ಬೈಯಲಿಲ್ಲ. ಸರೋಜಳ ಎದುರಿಗೆ ನಿಂತು ಕೈ ಜೋಡಿಸಿ, ಆಕೆ ತಿರುಗಿ ವಿಗ್ರಹದ ಕಡೆ ಮುಖ ಮಾಡುವಂತೆ ಸನ್ನೆ ಮಾಡಿದರು. ಅನಂತರ ನನಗೆ ಹರಕು ಇಂಗ್ಲಿಷಿನಲ್ಲಿ ತಿಳಿಸಿದ ಸಾರಾಂಶವಿಷ್ಟು: ಬುದ್ಧನಿಗೆ ಬೆನ್ನು ಕೊಟ್ಟು ನಿಂತು ಫೋಟೋ ತೆಗೆಸಿಕೊಳ್ಳುವುದು ಇಲ್ಲಿ ಕೂಡದು; ಅವನು ನಿಮ್ಮ ಫೋಟೋದ ಹಿಂದಿನ ಪರದೆಯಲ್ಲ. ನಾನು ಕ್ಷಮೆ ಕೋರಿದೆ. ಆ ಚಿತ್ರದಲ್ಲಿ ಸರೋಜಳ ಜಡೆ ಮಾತ್ರ ಬಂದಿದೆ.

"ಚೆನ್ನಾಗೈತೆ ಬುಡಿ," ಎಂದಳು. "ಮೂವತ್ತು ವರ್ಷದಿಂದ ನನ್ ಜಡೆ ಹೆಂಗೈತೆ ಅಂತ ನಾನೇ ನೋಡಿರ್ಲಿಲ್ಲ."

ಮುದುಕರ ಮಾತನ್ನು ಅಂದು ನಾನು ಪರಸ್ಥಳದ ಒಂದು ನಿಯಮವೆಂದು ಮಾತ್ರ ಮನಸ್ಸಿಗೆ ತಂದುಕೊಂಡೆ.

ಹಟನ್ ಕಡೆಯ ರೈಲು

ತಂಡದ ಮುಖ್ಯಸ್ಥರಿಂದ ಒಂದು ದಿನದ ಅನುಮತಿ ಪಡೆದು ನಾವಿಬ್ಬರೂ ತಂಡದಿಂದ ಬೇರೆಯಾಗಿ, ಮುತ್ತಮ್ಮನ ತೋಟವಿರುವ ಹಟನ್ ಕಡೆಯ ರೈಲು ಹತ್ತಿದೆವು. ಘಟ್ಟ ಏರುವ ರೈಲೆಂದರೆ ನಮಗೆ ಸಕಲೇಶಪುರದಿಂದ ಇಳಿಯುವ ಎಡಕುಮೇರಿಯ ದಾರಿ: ಸುರಂಗ, ಸೇತುವೆ, ಮತ್ತೆ ಸುರಂಗ, ಹೊರಗೆ ಕಾಡು ಬಿಟ್ಟರೆ ಮನುಷ್ಯರಿಲ್ಲ. ಇಲ್ಲಿಯೂ ಸುರಂಗಗಳಿವೆ. ಆದರೆ ಸುರಂಗ ದಾಟಿದೊಡನೆ ಚಹಾ ತೋಟ, ತೋಟದ ನಡುವೆ ಜನ. ನಮ್ಮ ಕಾಫಿ ಬೆಟ್ಟಗಳು ಮರಗಳ ಕೆಳಗೆ ಮರೆಯಾಗಿರುತ್ತವೆ. ಅಲ್ಲಿ ಆಳು ಎಲ್ಲಿದ್ದಾನೆಂದು ತಿಳಿಯಲು ಕೂಗಬೇಕು. ಆ ದೇಶದ ಚಹಾ ಬೆಟ್ಟಗಳು ನುಣ್ಣಗೆ ಕತ್ತರಿಸಿದಂತೆ ಬಯಲಾಗಿವೆ. ಅರ್ಧ ಮೈಲಿ ದೂರದಿಂದಲೇ ಯಾರು ಬಗ್ಗಿದ್ದಾರೆ, ಯಾರು ನಿಂತಿದ್ದಾರೆ ಎಂದು ಎಣಿಸಬಹುದು. ರೈಟರ್ ಆದವನಿಗೆ ಅನುಕೂಲ. ಆಳುಗಳಿಗೆ ಹೇಗೋ ತಿಳಿಯದು.

ನಮ್ಮೆದುರು ಒಬ್ಬ ತಾಯಿಯ ಮಡಿಲಲ್ಲಿ ಮಗುವೊಂದು ಬಾಯಿ ತೆರೆದು ಮಲಗಿತ್ತು. ತಾಯಿ ಸನ್ನೆಯಲ್ಲಿಯೇ ಒಪ್ಪಿಗೆ ಕೊಟ್ಟ ಮೇಲೆ ನಾನು ಉಸಿರು ಬಿಗಿಹಿಡಿದು ಗುಂಡಿ ಒತ್ತಿದೆ. ಕಟಕ್. ಮಗು ಬೆಚ್ಚಿಬಿದ್ದು ಎದ್ದು, ಎರಡು ಸುರಂಗಗಳು ಮುಗಿಯುವ ತನಕ ಅತ್ತಿತು. ಇಡೀ ಡಬ್ಬಿ ನನ್ನ ಕಡೆ ನೋಡಿತು. ಸರೋಜ ಚೀಲದಿಂದ ಬಾಳೆಹಣ್ಣು ತೆಗೆದು ಆ ತಾಯಿಗೆ ಕೊಟ್ಟು, "ಸಣ್ ಕ್ಯಾಮೆರಾ ತಂದಿದ್ರೆ ಹಣ್ಣು ಉಳೀತಿತ್ತು," ಎಂದಳು.

ಮುತ್ತಮ್ಮನ ಮನೆ

ಮೊದಲೇ ಕಾಗದ ಬರೆದಿದ್ದರಿಂದ ನಿಲ್ದಾಣಕ್ಕೆ ಮುತ್ತಮ್ಮನ ಸೊಸೆ ಲೀಲಾ ಬಂದಿದ್ದಳು. ಒಂದು ಗಂಟೆ ಏರುದಾರಿ. ಸಣ್ಣ ಮಳೆ, ಜಿಗಣೆ. ಈ ಎರಡು ವಿಷಯಗಳಲ್ಲಿ ನಮ್ಮ ಹಾನುಬಾಳಿಗೂ ಆ ಊರಿಗೂ ಯಾವ ವ್ಯತ್ಯಾಸವೂ ಕಂಡುಬರಲಿಲ್ಲ. ಲೈನು ಕೂಡ ಹಾಗೆಯೇ. ಉದ್ದನೆಯ ಒಂದು ಕಟ್ಟಡ, ತಗಡಿನ ಮಾಡು, ಹತ್ತು ಬಾಗಿಲು, ಬಾಗಿಲಿಗೊಂದು ಮೆಟ್ಟಿಲ ಕಲ್ಲು. ಮುತ್ತಮ್ಮನ ಬಾಗಿಲ ಕಲ್ಲಿನ ಮೇಲೆ ಮಳೆ ನೀರು ನಿಂತಿದ್ದುದರಿಂದ ಕಾಲು ಜಾರೀತೆಂದು ಅದನ್ನು ದಾಟಿ ಒಳಗೆ ಹೋದೆ. ಆ ಹೊತ್ತಿಗೆ ನನಗೆ ಬೇರೇನೂ ನೆನಪಾಗಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಮುತ್ತಮ್ಮನಿಗೆ ಎಪ್ಪತ್ತು ಮುಟ್ಟಿರಬೇಕು. ಕಿವಿ ಮಂದ, ಕಣ್ಣು ಚುರುಕು. ನನಗೆ ಲೈನಿನ ತಮಿಳು ತಕ್ಕಮಟ್ಟಿಗೆ ಬರುವುದರಿಂದ ಆಕೆಯ ಮಾತನ್ನು ಇಲ್ಲಿ ನಮ್ಮ ಮಾತಿಗೆ ತಿರುಗಿಸಿ ಬರೆಯುತ್ತಿದ್ದೇನೆ. ಕುಳಿತೊಡನೆ ಕೇಳಿದ್ದು, "ನನ್ ತಂಗೀಗೆ ಹಲ್ಲು ಐತಾ?"

"ಮುಂದಿನವು ಇವೆ," ಎಂದೆ.

"ನನಗಿಂತ ಜಾಸ್ತಿನೇ. ಇನ್ನೂ ಎಡಗೈಲೇ ಉಣ್ತಾಳಾ?"

"ಹೌದು."

"ಅಮ್ಮ ಎಷ್ಟು ಹೊಡೆದ್ರೂ ಬಿಡ್ಲಿಲ್ಲ," ಎಂದು ಆಕೆ ನಗಲು ಹೋಗಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಲೀಲಾ ಹಾಲಿಲ್ಲದ ಚಹಾ ತಂದಳು. ಲೋಟದ ಜೊತೆ ಅಂಗೈಗೆ ಒಂದು ಚೂರು ಬೆಲ್ಲ. ಬೆಲ್ಲ ಕಚ್ಚುವುದು, ಚಹಾ ಕುಡಿಯುವುದು. ನಮ್ಮಲ್ಲಿ ಬೆಲ್ಲವನ್ನು ಕಾಫಿಯೊಳಗೇ ಕರಗಿಸಿಬಿಡುತ್ತೇವೆ. ಅವರು ಎರಡನ್ನೂ ಬೇರೆ ಬೇರೆಯಾಗಿ ಉಳಿಸಿಕೊಂಡಿದ್ದಾರೆ.

ಒಳಗೆ ಒಂದೇ ಕಿಟಕಿ. ಫುಲ್ ಫ್ರೇಮ್ ಆ ಕತ್ತಲನ್ನು ಗೆದ್ದಿತು, ಆದರೆ ಕನ್ನಡಿಯ ಸದ್ದಿಗೆ ಮುತ್ತಮ್ಮ ಸೋತಳು. ಕಿವಿ ಮಂದವಾದರೂ ಆ ಕಟಕ್ ಮಾತ್ರ ಆಕೆಗೆ ಹೇಗೋ ಕೇಳುತ್ತಿತ್ತು. ಒಂದು ತೆಗೆದ ಬಳಿಕ ಇನ್ನೊಂದಕ್ಕೆ ಸಿದ್ಧನಾದರೆ ಆಕೆ ಮುಂಚಿತವಾಗಿಯೇ ಕಣ್ಣು ಮುಚ್ಚುತ್ತಿದ್ದಳು. ಹದಿನೈದು ಚಿತ್ರಗಳಲ್ಲಿ ಹದಿನೈದರಲ್ಲೂ ರೆಪ್ಪೆ ಇಳಿದಿತ್ತು. ರೆಪ್ಪೆಯ ಕೂದಲುಗಳನ್ನು ಎಣಿಸಬಹುದಾಗಿತ್ತು, ಅಷ್ಟೇ.

ಆದುದರಿಂದ ಮಳೆ ನಿಂತೊಡನೆ ಹೊರಗೆ ಬಂದೆವು. ಮುತ್ತಮ್ಮ ತಾನಾಗಿಯೇ ಹೋಗಿ ಬಾಗಿಲ ಕಲ್ಲಿನ ಮೇಲೆ ಕುಳಿತಳು. ನಾನು ಬೇಡವೆಂದೆ. ಆಕೆಯ ಹಿಂದೆ ಹೊಗೆ ಹಿಡಿದ ಗೋಡೆ, ತುಕ್ಕು ಹಿಡಿದ ತಗಡು, ಹಗ್ಗದ ಮೇಲೆ ಹಳೆಯ ಬಟ್ಟೆಗಳು. ಇಷ್ಟು ವರ್ಷಗಳ ಮೇಲೆ ಅಕ್ಕನನ್ನು ನೋಡುವ ತಂಗಿಗೆ ಈ ಬಡತನವನ್ನು ಏಕೆ ತೋರಿಸಬೇಕು ಎಂಬುದು ನನ್ನ ಭಾವನೆಯಾಗಿತ್ತು. ಲೀಲಾಳಿಂದ ಒಂದು ಸ್ಟೂಲು ತರಿಸಿ ಅಂಗಳದ ನಡುವೆ, ಬಾಗಿಲಿನಿಂದ ಸಾಕಷ್ಟು ದೂರ, ಮುತ್ತಮ್ಮನನ್ನು ಕೂರಿಸಿದೆ. ಆಕೆ ಎರಡು ಸಲ ಹಿಂದಕ್ಕೆ ತಿರುಗಿ ಆ ಕಲ್ಲಿನ ಕಡೆ ನೋಡಿದಳು.

"ಇಲ್ಲಿ ನೋಡಿ ಅಮ್ಮ," ಎಂದೆ. ನೋಡಿದಳು. ಕಣ್ಣು ತೆರೆದಿತ್ತು. ಒತ್ತಿದೆ.

ಗುರುತಿನ ಚೀಟಿಯ ನಿಯಮಕ್ಕೆ ಒಪ್ಪುವಂತೆ ತಲೆ ನೇರ, ಹೆಗಲು ಸಮ. ಹಿಂದಿನದೆಲ್ಲ ಕರಗಿ ಬೂದು ಬಣ್ಣ. ನಾನು ನನ್ನ ಜೀವಮಾನದಲ್ಲಿ ತೆಗೆದ ಚಿತ್ರಗಳಲ್ಲಿ ಅದಕ್ಕಿಂತ ಉತ್ತಮವಾದದ್ದು ಇಲ್ಲ. ಪುಸ್ತಕ ತೆಗೆದು ಆ ಸಾಲಿನ ಮುಂದೆ ಸರಿ ಗುರುತು ಹಾಕಿ, ಕ್ಯಾಮೆರಾವನ್ನು ಚೀಲಕ್ಕೆ ತುರುಕಿದೆ.

ಹೊರಡುವ ಹೊತ್ತಿಗೆ ಮೋಡ ಸರಿದು ಬಿಸಿಲು ಬಂತು. ಒಂದು ಬೆಟ್ಟದ ಚಿತ್ರವಿರಲಿ ಎಂದು ಕ್ಯಾಮೆರಾವನ್ನು ಮತ್ತೆ ತೆಗೆದು ಕೊರಳಿಗೆ ಹಾಕಿಕೊಂಡೆ. ಮುತ್ತಮ್ಮ ಚಹಾ ಲೋಟ ಹಿಡಿದು ತನ್ನ ಕಲ್ಲಿಗೆ ಮರಳಿ, ಅದರ ಅಂಚಿನಲ್ಲಿ ಕುಳಿತಿದ್ದಳು. ಲೀಲಾ ಕೊಟ್ಟ ಚಹಾ ಪುಡಿಯ ಪೊಟ್ಟಣ ತೆಗೆದುಕೊಳ್ಳಲು ನಾನು ಬಗ್ಗಿದಾಗ ಬೆರಳು ಗುಂಡಿಗೆ ತಾಗಿತು. ಕಟಕ್.

"ನನ್ ಕಾಲಿಂದೂ ಬೇಕಾ?" ಎಂದು ಮುತ್ತಮ್ಮ ನಕ್ಕಳು. ಅನಂತರ ನಗು ನಿಲ್ಲಿಸಿ ನನ್ನ ಕೈ ಹಿಡಿದುಕೊಂಡು ಹೇಳಿದಳು: "ತಂಗೀಗೆ ಹೇಳು. ನಾನು ಎಲ್ಲೂ ಹೋಗಿಲ್ಲ, ಇಲ್ಲೇ ಕೂತಿದೀನಿ ಅಂತ."

ಓರೆಯಾಗಿ ಬಂದಿದ್ದ ಆ ಕೊನೆಯ ಚಿತ್ರವನ್ನು ದಾರಿಯಲ್ಲಿ ಅಳಿಸಲು ಹೋದೆ. "ರೈಲು ತಪ್ಪೋಯ್ತದೆ, ಬನ್ರೀ," ಎಂದು ಸರೋಜ ಅವಸರಪಡಿಸಿದ್ದರಿಂದ ಅದು ಉಳಿಯಿತು.

ಮರಳಿ ಹಾನುಬಾಳು

ನಜೀರ್ ಸಾಬರು ಭಾವಚಿತ್ರವನ್ನು ಮೊರದಷ್ಟೇ ದೊಡ್ಡದಾಗಿ ಮುದ್ರಿಸಿಕೊಟ್ಟರು. ಕಣದಲ್ಲಿ ಒಳ್ಳೆಯ ಬಿಸಿಲಿತ್ತು. ಸೆಲ್ವಮ್ಮ ಅದನ್ನು ಮುಖದ ಹತ್ತಿರ ಹಿಡಿದು, ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ಮೂಲೆಯಿಂದ ಮೂಲೆಗೆ ನಿಧಾನವಾಗಿ ನೋಡಿದಳು. ಕೆಲಸದ ಹೆಂಗಸರು ಸುತ್ತ ನಿಂತಿದ್ದರು. ನಾನು ಮೆಚ್ಚುಗೆಯನ್ನು ನಿರೀಕ್ಷಿಸುತ್ತಿದ್ದೆ.

"ಇದು ನಮ್ಮಮ್ಮ ಅಲ್ವಾ ಸಾರ್?"

"ಅಲ್ಲ ಸೆಲ್ವಮ್ಮ, ನಿನ್ನ ಅಕ್ಕ."

"ಅಮ್ಮನ ಮುಖನೇ," ಎಂದು ಮತ್ತೆ ನೋಡಿದಳು. ಆಕೆ ಹುಡುಕುತ್ತಿದ್ದುದು ಹದಿನೇಳು ವರ್ಷದ ಹುಡುಗಿಯನ್ನು. ನಾನು ಅಕ್ಕನ ಮಾತನ್ನು ಒಪ್ಪಿಸಿದೆ: ಎಲ್ಲೂ ಹೋಗಿಲ್ಲ, ಇಲ್ಲೇ ಕೂತಿದ್ದೇನೆ ಎಂದು ಹೇಳಿ ಕಳುಹಿಸಿದ್ದಾಳೆ.

"ಎಲ್ಲಿ ಕೂತವ್ಳೆ?"

"ಮನೆ ಮುಂದೆ."

"ಮನೆ ಎಲ್ಲೈತೆ ಸಾರ್? ಹಿಂದ್ಗಡೆ ಏನೂ ಇಲ್ವಲ್ಲ." ಆಕೆ ಆ ಬೂದು ಬಣ್ಣದ ಮೇಲೆ ಅಂಗೈ ಸವರಿದಳು. "ಮಂಜು ಬಿದ್ದಿತ್ತಾ?"

ಹೌದು ಎಂದುಬಿಡಬಹುದಾಗಿತ್ತು. ಮಂಜು ಬೀಳುವ ಊರೇ ಅದು, ಯಾರೂ ವಿಚಾರಿಸುತ್ತಿರಲಿಲ್ಲ. ಹೇಳಲು ನನ್ನಿಂದ ಆಗಲಿಲ್ಲ. "ಇಲ್ಲ ಸೆಲ್ವಮ್ಮ, ನಾನೇ ಕಾಣದ ಹಾಗೆ ಮಾಡಿದೆ," ಎಂದೆ. ಆಕೆ ಚಿತ್ರವನ್ನು ಎದೆಗೊತ್ತಿಕೊಂಡು ಲೈನಿನ ಕಡೆ ನಡೆದಳು. ನಡೆಯುವಾಗ ಒಂದು ಕೈ ಗೋಡೆಯ ಮೇಲಿತ್ತು. ಆ ತಿಂಗಳಿನಿಂದ ಆಕೆ ಗೋಡೆ ಹಿಡಿದೇ ನಡೆಯುತ್ತಿದ್ದಳು.

ಮರುದಿನದ ಮೊದಲ ಬಸ್ಸಿಗೆ ನಾನು ಸಕಲೇಶಪುರದಲ್ಲಿದ್ದೆ. ನಜೀರ್ ಸಾಬರು ಪೂರ್ತಿ ಕೇಳಿಸಿಕೊಂಡರು.

"ನೀವು ಓದಿ ಹೇಳಿದ್ದು ಮುಖ ಅಂತ. ನಾನು ಮುಖಕ್ಕೆ ಕೊಟ್ಟೆ," ಎಂದರು. ದೂರುವ ಧ್ವನಿಯಲ್ಲ. "ಸಣ್ ಫಲಕದ್ದು ಆಗಿದ್ರೆ ಹಿಂದಿಂ‍ದು ಇಷ್ಟು ಕರಗ್ತಿರ್ಲಿಲ್ಲ. ಇದ್ರಲ್ಲೂ ಲೆನ್ಸ್‌ನ ಬಾಯಿ ಎಂಟನೇ ಅಂಕಿಗೋ ಹನ್ನೊಂದಕ್ಕೋ ಕಿರಿದು ಮಾಡಿ, ಬಾಗ್ಲಲ್ಲೇ ಕೂರ್ಸಿದ್ರೆ ಮನೆನೂ ಬಂದಿರೋದು. ಕ್ಯಾಮೆರಾದ್ದು ತಪ್ಪಿಲ್ಲ ರೈಟ್ರೇ. ಆಯಮ್ಮ ಇನ್ನೇನೇನು ಹೇಳಿತ್ತು?"

ಪುಸ್ತಕದಲ್ಲಿ ಅದು ಇರಲಿಲ್ಲ. ನೆನಪಿನಿಂದ ಹೇಳತೊಡಗಿದೆ: ಅಪ್ಪನ ಮನೆ, ಬಾಗಿಲ ಕಲ್ಲು, ಕತ್ತಿ ಮಸೆದು ಬಿದ್ದ ಗುಳಿ, ಗುಳಿಯಲ್ಲಿ ನಿಲ್ಲುವ ನೀರು. ಹೇಳುತ್ತಿರುವಾಗಲೇ ಅವರು ಕಂಪ್ಯೂಟರಿನಲ್ಲಿ ಒಂದೊಂದೇ ಚಿತ್ರ ಸರಿಸುತ್ತ ಬಂದು ಕೊನೆಯದರಲ್ಲಿ ನಿಂತರು.

"ಇದೇನಿದು, ಬರೀ ಕಾಲು?"

"ತಪ್ಪಿ ಬಂದದ್ದು. ಅಳಿಸಿಬಿಡಿ."

ಅವರು ಅಳಿಸಲಿಲ್ಲ, ಹಿಗ್ಗಿಸಿದರು. ಚೀಲದೊಳಗೆ ತುರುಕುವಾಗ ಕ್ಯಾಮೆರಾದ ಚಕ್ರ ತಿರುಗಿ, ಅಂಕಿಗಳನ್ನು ತಾನೇ ಆರಿಸಿಕೊಳ್ಳುವ ಗುರುತಿಗೆ ಬಂದು ನಿಂತಿತ್ತಂತೆ. ಒಳ್ಳೆಯ ಬಿಸಿಲಿದ್ದುದರಿಂದ ಅದು ಲೆನ್ಸಿನ ಬಾಯಿಯನ್ನು ಕಿರಿದು ಮಾಡಿಕೊಂಡಿತ್ತು, ಆದ್ದರಿಂದ ಏನೂ ಕರಗಿರಲಿಲ್ಲ. ಮುಖವಿಲ್ಲ. ಓರೆಯಾದ ಒಂದು ಕಲ್ಲು, ಹೊಸ್ತಿಲಿನ ಅಂಚು, ಸೀರೆಯ ನಿರಿಗೆ, ಲೋಟ ಹಿಡಿದ ಕೈ. ಕಲ್ಲಿನ ನಡುವೆ ದೋಣಿಯಾಕಾರದ ಗುಳಿ, ಅದರಲ್ಲಿ ನೀರು, ನೀರಿನಲ್ಲಿ ಮುತ್ತಮ್ಮನ ಬಲಗಾಲಿನ ಹೆಬ್ಬೆರಳು. ಕಲ್ಲಿನ ಒಂದೊಂದು ಗೀರೂ ಸ್ಪಷ್ಟವಾಗಿತ್ತು.

ನಜೀರ್ ಸಾಬರು ಅದೇ ಅಳತೆಯ ಕಾಗದವನ್ನು ಯಂತ್ರಕ್ಕೆ ಹಾಕಿದರು.

ಸೆಲ್ವಮ್ಮ ಈ ಸಲ ಮೂಲೆಯಿಂದ ಮೂಲೆಗೆ ಹುಡುಕಲಿಲ್ಲ. ಆಕೆಯ ಕಣ್ಣು ನೇರವಾಗಿ ಗುಳಿಯ ಮೇಲೆ ನಿಂತಿತು. ಕಣದ ಮಣ್ಣಿನ ಮೇಲೆ ಕುಳಿತುಕೊಂಡಳು.

"ಇಗೋ, ಅಕ್ಕ," ಎಂದಳು. "ಅವ್ಳು ಯಾವಾಗ್ಲೂ ಹಿಂಗೇ ಸಾರ್. ಕಾಲ್ಬೆಟ್ಟು ನೀರಾಗೆ ಅದ್ಕಂಡು ಕೂತ್ಬುಡೋಳು. ನಂಗೆ ಜಾಗ ಕೊಡ್ತಿರ್ಲಿಲ್ಲ." ಆಮೇಲೆ, ನನಗೆ ಕೇಳಲೆಂದಲ್ಲ, ಮೆಲ್ಲಗೆ ಹೇಳಿದಳು: "ಇಲ್ಲೇ ಕೂತವ್ಳೆ."

ಹೊಸದಾಗಿ ಕ್ಯಾಮೆರಾ ಆರಿಸಿಕೊಳ್ಳುವವರಿಗೆ ನನ್ನ ಅನುಭವದಿಂದ ನಿವೇದಿಸಬಹುದಾದದ್ದು ಅಲ್ಪವೇ. ಕತ್ತಲಲ್ಲಿ ಕೆಲಸವಿದ್ದರೆ, ದೊಡ್ಡ ಮುದ್ರಣ ಬೇಕಾಗಿದ್ದರೆ ಫಲಕ ದೊಡ್ಡದಿರಲಿ. ನಡೆಯುವುದು ಹೆಚ್ಚಿದ್ದರೆ, ಮಲಗಿದ ಮಗು ಎದುರಿಗಿದ್ದರೆ ಕನ್ನಡಿ ಇಲ್ಲದಿರಲಿ. ಎರಡೂ ಕೂಡಿದ್ದು ಕೈಗೆಟುಕಿದರೆ ಸಂತೋಷ. ಇದನ್ನೆಲ್ಲ ಅಂಗಡಿಯವರೂ ಹೇಳುತ್ತಾರೆ. ಆದರೆ ಅಂಗಡಿಗೆ ಹೋಗುವ ಮುನ್ನ, ಚಿತ್ರ ಯಾರಿಗೆ ಬೇಕೋ ಅವರ ಮಾತನ್ನು ಪೂರ್ತಿ ಕೇಳಿಸಿಕೊಳ್ಳಬೇಕು. ಲಾರಿ ಬಂದರೆ ಅದು ಸ್ವಲ್ಪ ಹೊತ್ತು ನಿಂತಿರಲಿ.

ಈ ವರ್ಷ ಕಾಫಿ ಹಣ್ಣಿನ ಕುಯ್ಲು ಪ್ರಾರಂಭವಾಗುವ ಹೊತ್ತಿಗೆ ಸೆಲ್ವಮ್ಮನ ದೃಷ್ಟಿ ಪೂರ್ಣವಾಗಿ ಹೋಗಿದೆ. ಅಮ್ಮನೆಂದು ಆಕೆ ಕರೆದ ಭಾವಚಿತ್ರವನ್ನು ಮಗಳು ಗೋಡೆಗೆ ಹಾಕಿದ್ದಾಳೆ. ಇನ್ನೊಂದು ಯಾವಾಗಲೂ ಮಡಿಲಲ್ಲಿರುತ್ತದೆ. ಕಳೆದ ವಾರ ಹಾಜರಿ ಮುಗಿಸಿ ಲೈನಿನ ಕಡೆ ಹೋದಾಗ ಆಕೆ ಬಾಗಿಲಲ್ಲಿ ಕುಳಿತು ಆ ಕಾಗದದ ಮೇಲೆ ಬೆರಳಿಟ್ಟುಕೊಂಡಿದ್ದಳು. ಚಿತ್ರ ತಲೆಕೆಳಗಾಗಿತ್ತು. ಬೆರಳು ಚಿತ್ರದಲ್ಲಿನ ಹೊಸ್ತಿಲಿನ ಅಂಚಿನ ಮೇಲಿತ್ತು. "ಯಾರು, ರೈಟರ್ ಸಾರಾ?" ಎಂದಳು. ಹೌದೆಂದು, ಚಿತ್ರದ ಮಾತೆತ್ತದೆ, ಕುಶಲ ವಿಚಾರಿಸುತ್ತ ಅದನ್ನು ಮೆಲ್ಲಗೆ ತಿರುಗಿಸಿಟ್ಟೆ. ಬೆರಳು ಗುಳಿಯ ಮೇಲೆ ಬಂತು.

ಈ ಬರಹದಲ್ಲಿಯೂ ಎಲ್ಲಾದರೂ ತಪ್ಪುಗಳು ಕಂಡುಬಂದಲ್ಲಿ, ಮಾನ್ಯ ಓದುಗರು ಅವನ್ನು ಹಾಗೆಯೇ ಮೆಲ್ಲಗೆ ತಿದ್ದಿಕೊಳ್ಳಬೇಕಾಗಿ ವಿನಂತಿ.

ಇಂತಿ ತಮ್ಮ ವಿಧೇಯ,
ಎಸ್ಟೇಟ್ ರೈಟರ್,
ಹಾನುಬಾಳು ಹೋಬಳಿ